ದವಾಖಾನೆಯಲ್ಲಿ ‘ನೀನು’ ಯಾರು, ‘ನೀವು’ ಯಾರು?

ಪ್ರಶ್ನೆ: ಅಮೆರಿಕದಲ್ಲಿ ಕಪ್ಪು ಬಣ್ಣದ ರೋಗಿಗಳನ್ನು ಡಾಕ್ಟರುಗಳು ತಮಗೇ ಗೊತ್ತಾಗದ ಹಾಗೆ ಬೇರೆ ರೀತಿ ನೋಡುತ್ತಾರೆ ಅಂತ ಓದಿದೆ. ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಬಣ್ಣದ ಮಾತಿಲ್ಲ. ಆದರೆ ಜಾತಿ ಇದೆ, ಬಡತನ ಇದೆ. ನಮ್ಮವ್ವನನ್ನು ದವಾಖಾನೆಗೆ ಕರಕೊಂಡು ಹೋದಾಗಲೆಲ್ಲ ಏನೋ ಒಂದು ಚುಚ್ಚುತ್ತದೆ, ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಇದು ನಿಜವೋ, ನನ್ನ ಸಂಶಯವೋ? ಡಾಕ್ಟರುಗಳನ್ನೇ ಕೇಳಿದರೆ ಏನಂತಾರೆ?
– ಮಸ್ಕಿ ತಾಲ್ಲೂಕಿನ ಓದುಗರು

ಉತ್ತರ: ನಿಜ. ನಿಮಗೆ ಅನ್ನಿಸಿದ್ದಕ್ಕೆ ಆಧಾರ ಇದೆ. ನಮ್ಮ ದೇಶದಲ್ಲಿ ನಡೆದ ಅಧ್ಯಯನಗಳಿವೆ, ನಿಮ್ಮ ನೆರೆಯ ಕೊಪ್ಪಳ ಜಿಲ್ಲೆಯಲ್ಲೇ ನಡೆದದ್ದೂ ಇದೆ. ಆದರೆ ನಿಮ್ಮ ಕೊನೆಯ ಮಾತಿನಿಂದಲೇ ಶುರುಮಾಡುತ್ತೇನೆ. ಡಾಕ್ಟರುಗಳು ಏನಂತಾರೆ ಅನ್ನುವುದು ಗೊತ್ತಾಗದೆ, ಉಳಿದದ್ದನ್ನು ಬಿಡಿಸಿ ಹೇಳಲು ಆಗುವುದಿಲ್ಲ.

ಯಾವ ಡಾಕ್ಟರನ್ನು ಕೇಳಿದರೂ ಮೊದಲು ಬರುವ ಉತ್ತರ ಒಂದೇ: “ನಾವು ರೋಗ ನೋಡ್ತೀವ್ರಿ, ಜಾತಿ ನೋಡಲ್ಲ.” ಇದನ್ನು ನಾನು ಸುಳ್ಳು ಅನ್ನುವುದಿಲ್ಲ. ಹಾಗೆ ಹೇಳುವವರಲ್ಲಿ ಬಹಳ ಮಂದಿ ಮನಸ್ಸಿನಿಂದಲೇ ಹೇಳುತ್ತಾರೆ. ರಾತ್ರಿ ಎರಡಕ್ಕೆ ಎಬ್ಬಿಸಿದರೆ ಎದ್ದು ಬರುವವರು, ಫೀಸು ಇಲ್ಲದಿದ್ದರೆ “ಆಮ್ಯಾಗ ಕೊಡು” ಅನ್ನುವವರು ಅವರಲ್ಲಿದ್ದಾರೆ. ಜಾತಿಯ ಮಾತು ತೆಗೆದರೆ ಅವರಿಗೆ ನೋವಾಗುತ್ತದೆ. ‘ಭೇದ ಮಾಡುತ್ತೀರಿ’ ಎಂದರೆ ‘ನೀನು ಕೆಟ್ಟವನು’ ಎಂದಂತೆ ಕೇಳಿಸುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ಮಾತಲ್ಲ. 2021ರ ಫೆಬ್ರುವರಿಯಲ್ಲಿ ಅಮೆರಿಕದ ವೈದ್ಯರ ಸಂಘದ ‘ಜಾಮಾ’ ಪತ್ರಿಕೆ ಒಂದು ಪಾಡ್‌ಕಾಸ್ಟ್ ಪ್ರಸಾರ ಮಾಡಿತು. ಜಗತ್ತಿನ ಬಹು ದೊಡ್ಡ ವೈದ್ಯಕೀಯ ಪತ್ರಿಕೆಗಳಲ್ಲಿ ಅದೂ ಒಂದು. ಯಾವ ವೈದ್ಯನೂ ಜನಾಂಗದ್ವೇಷಿಯಲ್ಲ, ಹಾಗಿರುವಾಗ ಆರೋಗ್ಯ ವ್ಯವಸ್ಥೆಯಲ್ಲಿ ಅಂಥ ಭೇದ ಇರಲು ಹೇಗೆ ಸಾಧ್ಯ ಎಂಬ ಅರ್ಥದ ಪ್ರಶ್ನೆಯಿಟ್ಟು ಪತ್ರಿಕೆ ಅದಕ್ಕೆ ಪ್ರಚಾರ ಕೊಟ್ಟಿತು. ದೊಡ್ಡ ಗದ್ದಲವಾಯಿತು. ಆ ವರ್ಷದ ಜೂನ್ ಕೊನೆಗೆ ಪ್ರಧಾನ ಸಂಪಾದಕರು ಹುದ್ದೆ ಬಿಡಬೇಕಾಯಿತು. ವೈದ್ಯರು ಈ ವಿಷಯದಲ್ಲಿ ಎಡವುವುದು ಎಲ್ಲಿ ಅನ್ನುವುದು ಇದರಲ್ಲಿ ಕಾಣುತ್ತದೆ. ಅವರು ಹುಡುಕುವುದು ದ್ವೇಷವನ್ನು. ಮನಸ್ಸಿನೊಳಗೆ ದ್ವೇಷ ಸಿಗುವುದಿಲ್ಲ, ಹಾಗಾಗಿ ಭೇದವೇ ಇಲ್ಲ ಎಂದು ತೀರ್ಮಾನಿಸುತ್ತಾರೆ. ಭೇದಕ್ಕೆ ದ್ವೇಷ ಬೇಕಾಗಿಲ್ಲ. ಅಭ್ಯಾಸ ಸಾಕು.

ಎರಡನೆಯ ಉತ್ತರವೂ ಬಾಯಲ್ಲೇ ಇರುತ್ತದೆ: “ಒಂದು ಮುಂಜಾನೆಗೆ ನೂರಾರು ಚೀಟಿ. ಜಾತಿ ಕೇಳಾಕ ಟೈಮೆಲ್ಲೈತ್ರಿ?” ತಾಲ್ಲೂಕು ಆಸ್ಪತ್ರೆಯ ಒಪಿಡಿ ಕಂಡವರಿಗೆ ಇದೂ ನಿಜ ಅಂತ ಗೊತ್ತು. ಆದರೆ ಇದೇ ಮಾತನ್ನು ತಿರುಗಿಸಿ ನೋಡಬೇಕು. ಸಮಯ ಇದ್ದಾಗ ಮನುಷ್ಯ ಕೇಳುತ್ತಾನೆ, ಮುಟ್ಟಿ ನೋಡುತ್ತಾನೆ, ಯೋಚಿಸುತ್ತಾನೆ. ಸಮಯ ಇಲ್ಲದಾಗ ಮನಸ್ಸು ಮೊದಲೇ ತಯಾರಿಟ್ಟುಕೊಂಡ ತೀರ್ಪನ್ನು ಎತ್ತಿಕೊಡುತ್ತದೆ. ಇಂಥವರಿಗೆ ಇಂಥದೇ ಜಡ್ಡು, ಇಂಥವರು ಹೇಳಿದ ಮಾತು ಕೇಳುವುದಿಲ್ಲ, ಇಂಥವರು ಸ್ವಲ್ಪಕ್ಕೇ ಚೀರುತ್ತಾರೆ. ಹೀಗೆ ಬರುವ ತೀರ್ಪನ್ನೇ ಅಪ್ರಜ್ಞಾಪೂರ್ವಕ ಪಕ್ಷಪಾತ ಎನ್ನುವುದು. ಅವಸರ ಹೆಚ್ಚಿದಷ್ಟೂ ಅದಕ್ಕೆ ಜಾಗ ಹೆಚ್ಚು.

ಇನ್ನು ಜಾತಿ ಕೇಳುವ ಮಾತು. ನಮ್ಮಲ್ಲಿ ಜಾತಿಯನ್ನು ಕೇಳಬೇಕಾಗಿಯೇ ಇಲ್ಲವಲ್ಲ. ಚೀಟಿ ಮಾಡಿಸುವ ಕಿಟಕಿಯಲ್ಲಿ ಹೆಸರು, ವಯಸ್ಸು, ಊರು ಬರೆಸುತ್ತೀರಿ. ಊರಿನ ಮುಂದೆ ‘ತಾಂಡಾ’ ಎಂದಿದ್ದರೆ ಲಂಬಾಣಿ ಎಂದು ಗೊತ್ತಾಯಿತು. ‘ಕ್ಯಾಂಪ್’ ಎಂದಿದ್ದರೆ ಎರಡು ಬಗೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದವರ ಕ್ಯಾಂಪು ಒಂದು ಬಗೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಲಿಗಳಿಗೆ ಸಿಂಧನೂರಿನ ಹತ್ತಿರ ಕಟ್ಟಿಕೊಟ್ಟ ಆರ್‌.ಎಚ್‌. ಕ್ಯಾಂಪು ಇನ್ನೊಂದು ಬಗೆ. ಒಂದೇ ‘ಕ್ಯಾಂಪ್’ ಎಂಬ ಹೆಸರು, ಆದರೆ ಒಂದರಿಂದ ಬಂದವರು ಕಾರಿನಿಂದ ಇಳಿಯಬಹುದು, ಇನ್ನೊಂದರಿಂದ ಬಂದವರು ಕೂಲಿ ಬಿಟ್ಟು ಟಂಟಂನಲ್ಲಿ ಬಂದಿರುತ್ತಾರೆ. ಕಿಟಕಿಯ ಹಿಂದೆ ಕುಳಿತವರಿಗೆ ಇದೆಲ್ಲ ಬಾಯಿಪಾಠ. ಹೆಸರು, ಉಟ್ಟ ಸೀರೆಯ ಕಟ್ಟು, ಕೈಯ ಬಳೆ, ಮಾತಿನ ಧಾಟಿ ನೋಡಿದರೆ ಉಳಿದದ್ದೂ ತಿಳಿಯುತ್ತದೆ.

ಮುಂದೆ ಡಾಕ್ಟರ ಮೇಜು. ಅದರ ಪಕ್ಕ ಒಂದು ಸ್ಟೂಲ್ ಇರುತ್ತದೆ. ಮುಂದಿನ ಸಲ ಹೋದಾಗ ನಿಮ್ಮ ಸರದಿ ಬರುವವರೆಗೂ ಆ ಸ್ಟೂಲಿನ ಮೇಲೆ ಕಣ್ಣಿಡಿ. ಪ್ಯಾಂಟು ಹಾಕಿದ ಇಪ್ಪತ್ತೈದರ ಹುಡುಗ ಬಂದರೆ “ಬರ್ರಿ, ಕುಂದ್ರಿ, ಏನಾಗೇತ್ರಿ?” ಅವನ ಹಿಂದೆ ತಲೆಗೆ ಟವಲ್ ಸುತ್ತಿದ ಅರವತ್ತೈದರ ಮುದುಕ ಬಂದರೆ “ಏ ಮುತ್ಯಾ, ಏನಾಗೇತಿ ನಿನಗ? ಲಗೂನ ಹೇಳು.” ಮುದುಕ ಸ್ಟೂಲ್ ಮೇಲೆ ಕೂರುವುದಿಲ್ಲ. ಕೂರು ಎಂದು ಯಾರೂ ಹೇಳಿಲ್ಲ, ಹೇಳದೆ ಕೂತು ಅವನಿಗೆ ರೂಢಿಯೂ ಇಲ್ಲ. ನಿಂತೇ “ಎದ್ಯಾಗ ಹಿಡದಂಗ ಆಕ್ಕೈತ್ರಿ ಸಾಹೇಬ್ರ” ಅನ್ನುತ್ತಾನೆ. ಸ್ಟೆತಸ್ಕೋಪು ಅಂಗಿಯ ಮೇಲೆಯೇ ಒಂದು ಕಡೆ ತಾಗಿ ಹಿಂದೆ ಬರುತ್ತದೆ. “ಗ್ಯಾಸ್ ಆಗೇತಿ. ಗುಳಿಗಿ ಬರದೀನಿ, ತಗೋ.” ಅದೇ ಎದೆನೋವಿಗೆ ಆ ಹುಡುಗನಿಗೆ ಇಸಿಜಿ ಆಗಿರುತ್ತದೆ. ಡಾಕ್ಟರಿಗೆ ಮುದುಕನ ಮೇಲೆ ಯಾವ ಸಿಟ್ಟೂ ಇಲ್ಲ. ‘ಮುತ್ಯಾ’ ಎಂದದ್ದು ಪ್ರೀತಿಯಿಂದಲೇ ಇರಬಹುದು. ಆದರೆ ಏಕವಚನದಲ್ಲಿ ಮಾತಾಡಿಸಿದವರನ್ನು ನಿಲ್ಲಿಸಿಯೇ ನೋಡುವುದು, ನಿಲ್ಲಿಸಿ ನೋಡಿದವರನ್ನು ಬಟ್ಟೆಯ ಮೇಲಿಂದಲೇ ನೋಡುವುದು, ಬಟ್ಟೆಯ ಮೇಲಿಂದ ನೋಡಿದವರಿಗೆ ತಪಾಸಣೆ ಬರೆಯದಿರುವುದು ಒಂದರ ಬೆನ್ನಿಗೆ ಒಂದು ಬರುತ್ತವೆ. ನಿಮಗೆ ಚುಚ್ಚಿದ್ದು ಇದೇ ಎಂದು ನನ್ನ ಊಹೆ.

ಇದಕ್ಕೆ ಪುರಾವೆ ಏನು ಎಂದು ಯಾವ ಡಾಕ್ಟರಾದರೂ ಕೇಳಬಹುದು, ಕೇಳಬೇಕು.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಬಂದ ಅಧ್ಯಯನವನ್ನು ನೀವು ಓದಿದ್ದಿರಬೇಕು. ಅಲ್ಲಿನ ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ರೆಸಿಡೆಂಟ್ ವೈದ್ಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ‘ಕಪ್ಪು ಜನರ ಚರ್ಮ ದಪ್ಪ’ ಎಂಬಂಥ ಒಂದಾದರೂ ಹುಸಿ ಕಲ್ಪನೆಯನ್ನು ಒಪ್ಪಿದ್ದರು. ಒಪ್ಪಿದವರೇ ಕಪ್ಪು ರೋಗಿಯ ನೋವನ್ನು ಕಡಿಮೆ ಅಂದಾಜು ಮಾಡಿದರು, ಔಷಧದ ಸಲಹೆಯಲ್ಲೂ ಎಡವಿದರು. ಇದನ್ನು ಓದಿ ‘ಎಂಥ ಜನ’ ಎಂದು ಮೂಗು ಮುರಿಯುವ ಮೊದಲು ನಮ್ಮ ಹೆರಿಗೆ ವಾರ್ಡುಗಳ ಮಾತು ನೆನೆಯಬೇಕು. ‘ಕೂಲಿ ಹೆಂಗಸರು, ಗಟ್ಟಿ ಇರ್ತಾರ, ತಡಕೋತಾರ’ ಎಂಬುದು ಎಷ್ಟು ಸಲೀಸಾಗಿ ಬರುತ್ತದೆ! ಚೀರಿದರೆ ಗದರಿಸುವುದು, ಹೊಲಿಗೆ ಹಾಕುವಾಗ ಮರಗಟ್ಟಿಸುವ ಔಷಧಕ್ಕೆ ಕೈ ಹಿಡಿಯುವುದು, ಎಲ್ಲ ಆ ಒಂದು ನಂಬಿಕೆಯ ಮೇಲೆ ನಿಂತಿರುತ್ತವೆ. ಕೇಂದ್ರ ಸರ್ಕಾರ 2017ರಲ್ಲಿ ‘ಲಕ್ಷ್ಯ’ ಎಂಬ ಕಾರ್ಯಕ್ರಮ ತಂದು ಹೆರಿಗೆ ಕೋಣೆಯಲ್ಲಿ ಗೌರವದ ಆರೈಕೆ ಇರಬೇಕೆಂದು ಬರೆದಿಡಬೇಕಾಯಿತು. ಗೌರವ ಇದ್ದಿದ್ದರೆ ಬರೆದಿಡುವ ಅಗತ್ಯ ಬೀಳುತ್ತಿರಲಿಲ್ಲ.

ನಮ್ಮ ದೇಶದ ಲೆಕ್ಕಗಳು ಇನ್ನೂ ನೇರ. 11 ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ಆಚರಣೆ ಕುರಿತು ನಡೆದ ಸಮೀಕ್ಷೆ 2006ರಲ್ಲಿ ಪುಸ್ತಕವಾಗಿ ಬಂತು. ಮೂರರಲ್ಲಿ ಒಂದು ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಹೋಗಲು ಒಪ್ಪುತ್ತಿರಲಿಲ್ಲ ಎಂದು ಅದು ದಾಖಲಿಸಿದೆ. ಸಂಶೋಧಕಿ ಸಂಘಮಿತ್ರಾ ಆಚಾರ್ಯ ಅವರು ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳ ದಲಿತ ಮಕ್ಕಳನ್ನು ಮಾತಾಡಿಸಿದರು. ಭೇದ ಹೆಚ್ಚಾಗಿ ಸ್ಪರ್ಶದಲ್ಲೇ ಎದ್ದು ಕಂಡಿತು: ಗುಳಿಗೆಯನ್ನು ಕೈಗೆ ತಾಗದಂತೆ ಮೇಲಿನಿಂದ ಬಿಡುವುದು, ಮುಟ್ಟದೆ ನೋಡುವುದು. 2022ರಲ್ಲಿ ಸಂಗೀತಾ ವ್ಯಾಸ್ ಮತ್ತು ಅವರ ಸಂಗಡಿಗರು ಒಂಬತ್ತು ರಾಜ್ಯಗಳ ಅಂಕಿ–ಅಂಶ ತೆಗೆದು ನೋಡಿದರು. ಮೇಲ್ಜಾತಿಯ ಹಿಂದೂಗಳಿಗೆ ಹೋಲಿಸಿದರೆ ಆದಿವಾಸಿಗಳ ಆಯಸ್ಸು ನಾಲ್ಕು ವರ್ಷಕ್ಕೂ ಹೆಚ್ಚು, ದಲಿತರದು ಮೂರು ವರ್ಷಕ್ಕೂ ಹೆಚ್ಚು, ಮುಸ್ಲಿಮರದು ಸುಮಾರು ಒಂದು ವರ್ಷ ಕಡಿಮೆ. ಕರ್ನಾಟಕ ಆ ಒಂಬತ್ತರಲ್ಲಿ ಇಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ಮಾತು ನಮಗೂ ತಾಗುತ್ತದೆ. ಆಸ್ತಿಪಾಸ್ತಿ ಸಮ ಇರುವ ಮನೆಗಳನ್ನು ಹೋಲಿಸಿದಾಗಲೂ ಅಂತರ ಪೂರ್ತಿ ಹೋಗಲಿಲ್ಲ. ‘ಅದು ಜಾತಿಯಲ್ಲ, ಬಡತನ’ ಎಂದು ನಮ್ಮ ಡಾಕ್ಟರುಗಳು ಕೊಡುವ ಮೂರನೆಯ ಉತ್ತರಕ್ಕೆ ಇದು ಎದುರು ನಿಲ್ಲುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಅವರ ಜೊತೆಗಾರರ ಕೆಲಸ. ತರಬೇತಿ ಕೊಟ್ಟ ಜನರನ್ನು ರೋಗಿಗಳ ಹಾಗೆ ಕಳಿಸಿ, ಒಳಗೆ ಏನು ನಡೆಯಿತು ಎಂದು ಬರೆದುಕೊಂಡರು. ಗ್ರಾಮೀಣ ಮಧ್ಯಪ್ರದೇಶದಲ್ಲಿ ಒಬ್ಬ ರೋಗಿಗೆ ಸಿಕ್ಕ ಸರಾಸರಿ ಸಮಯ 3.6 ನಿಮಿಷ. 2016ರಲ್ಲಿ ಅವರು ಪ್ರಕಟಿಸಿದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಸರ್ಕಾರಿ ಡಾಕ್ಟರು ಬೆಳಗ್ಗೆ ಸರ್ಕಾರಿ ದವಾಖಾನೆಯಲ್ಲಿ, ಸಂಜೆ ಸ್ವಂತ ಕ್ಲಿನಿಕ್ಕಿನಲ್ಲಿ ಕೂರುವುದು ನಮಗೆ ಹೊಸದಲ್ಲ. ಅದೇ ಡಾಕ್ಟರು, ಅದೇ ಕಾಯಿಲೆಯ ಲಕ್ಷಣ. ಸ್ವಂತ ಕ್ಲಿನಿಕ್ಕಿನಲ್ಲಿ ಹೆಚ್ಚು ಹೊತ್ತು ಕೊಟ್ಟರು, ಹೆಚ್ಚು ಪ್ರಶ್ನೆ ಕೇಳಿದರು, ಸರಿಯಾದ ಚಿಕಿತ್ಸೆ ಬರೆದದ್ದೂ ಅಲ್ಲೇ ಹೆಚ್ಚು. ಓದು ಒಂದೇ, ಕೈಗುಣ ಒಂದೇ. ರೋಗಿಯನ್ನು ಎಲ್ಲಿ ಕೂತು ನೋಡುತ್ತಾರೆ ಎಂಬುದರ ಮೇಲೆ ಆ ಓದು ಹೊರಗೆ ಬರುತ್ತಿತ್ತು.

ಈಗ ಕೊಪ್ಪಳಕ್ಕೆ ಬರೋಣ. 1997ರವರೆಗೂ ಕೊಪ್ಪಳ ರಾಯಚೂರು ಜಿಲ್ಲೆಯೇ ಆಗಿತ್ತು. ಲಿಂಗಸುಗೂರಿನ ಎಲ್ಲೆ ದಾಟಿದರೆ ಕುಷ್ಟಗಿ, ಸಿಂಧನೂರಿನ ಎಲ್ಲೆ ದಾಟಿದರೆ ಕಾರಟಗಿ. ಅದೇ ನೆಲ, ಅದೇ ಮಾತು. ಅಲ್ಲಿನ ಹಳ್ಳಿಗಳಲ್ಲಿ ಆಗ ಬೆಂಗಳೂರಿನ ಐಐಎಂನಲ್ಲಿದ್ದ ಗೀತಾ ಸೇನ್, ಅದಿತಿ ಅಯ್ಯರ್ ಮೊದಲಾದವರು ಮಹಿಳಾ ಸಮಖ್ಯಾ ಕಾರ್ಯಕ್ರಮದ ಜೊತೆಗೂಡಿ ವರ್ಷಾನುಗಟ್ಟಲೆ ಕೆಲಸ ಮಾಡಿದರು. 2002ರಲ್ಲಿ 60 ಹಳ್ಳಿಗಳ ಮನೆಮನೆ ಸಮೀಕ್ಷೆ ನಡೆಯಿತು. ಕಾಯಿಲೆ ಬಿದ್ದಾಗ ಚಿಕಿತ್ಸೆ ಪಡೆಯುವುದರಲ್ಲಿ ಬಡ ಮನೆಯ ಹೆಂಗಸರು ಎಲ್ಲರಿಗಿಂತ ಕೆಳಗಿದ್ದರು, ಉಳ್ಳವರ ಮನೆಯ ಗಂಡಸರು ಎಲ್ಲರಿಗಿಂತ ಮೇಲಿದ್ದರು. ಹೆಣ್ಣು, ಬಡತನ ಎರಡೂ ಕೂಡಿದಲ್ಲಿ ಪೆಟ್ಟು ಕೂಡಿಯೇ ಬಿತ್ತು.

ಆಮೇಲೆ ಅವರು ಬಾಣಂತಿ ಸಾವುಗಳ ಹಿಂದೆ ಹೋದರು. ಸತ್ತವಳ ಅವ್ವ, ಗಂಡ, ನೆರೆಯವರು, ಸೂಲಗಿತ್ತಿ, ಎಎನ್‌ಎಂ, ಡಾಕ್ಟರು, ಎಲ್ಲರನ್ನೂ ಬೇರೆ ಬೇರೆ ಕೂರಿಸಿ ಕೇಳಿದರು. ಒಂದೇ ಸಾವಿಗೆ ಹಲವು ಕತೆಗಳು ಹೊರಟವು. ಕುರೊಸಾವಾ ಅವರ ‘ರಾಶೋಮೊನ್’ ಸಿನಿಮಾದ ಹೆಸರನ್ನೇ ಅವರು ತಮ್ಮ ಒಂದು ಪ್ರಬಂಧಕ್ಕೆ ಇಟ್ಟರು. ಮನೆಯವರ ಕತೆಗಳಲ್ಲಿ ಮತ್ತೆ ಮತ್ತೆ ಬರುವುದು ಅಲೆದಾಟ: ಒಂದು ದವಾಖಾನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಕಳಿಸುವಾಗ ಏನಾಗಿದೆ ಎಂದು ಯಾರೂ ತಿಳಿಸಿ ಹೇಳಿರುವುದಿಲ್ಲ. ಜೊತೆಗೆ ರಕ್ತಹೀನತೆ. ಬಸುರಿಯ ಕಣ್ಣು ಬಿಳಚಿಕೊಂಡಿದ್ದು ತಿಂಗಳುಗಟ್ಟಲೆ ಎಲ್ಲರ ಎದುರೇ ಇತ್ತು, ಆದರೆ ಅದನ್ನು ಅಪಾಯವೆಂದು ಹಿಡಿದವರಿಲ್ಲ.

ರಕ್ತಹೀನತೆಯ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಕಡೆಯ ದವಾಖಾನೆಗಳಲ್ಲಿ ಬಹು ಸಲೀಸಾಗಿ ಬರುವ ಮಾತು: “ಈ ಕಡೆ ಹೆಣ್ಮಕ್ಕಳಿಗೆ ರಕ್ತ ಕಮ್ಮೀನ ಇರ್ತೈತಿ.” ಹೇಳುವವರಿಗೆ ಇದು ಅನುಭವದ ಮಾತು, ಕೇಳಿದರೆ ಭೇದದ ವಾಸನೆಯೂ ಬರುವುದಿಲ್ಲ. ಆದರೆ ಇದು ಮಾಡುವ ಕೆಲಸ ನೋಡಿ. ಭತ್ತದ ನಾಟಿಗೆ ಹೋಗುವ ಬಸುರಿ ಬಂದು ಸುಸ್ತು, ಏದುಸಿರು ಎಂದರೆ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೂ ಯಾರ ಹುಬ್ಬೂ ಏರುವುದಿಲ್ಲ. ಬೆಂಗಳೂರಿನ ಬಡಾವಣೆಯ ಹೆಂಗಸಿಗೆ ಅಷ್ಟೇ ಬಂದಿದ್ದರೆ ಅವತ್ತೇ ದಾಖಲು. ಒಂದು ಜನದ ಕಾಯಿಲೆಯನ್ನು ಆ ಜನದ ಸ್ವಭಾವವೆಂದು ತಿಳಿದಾಗ ಚಿಕಿತ್ಸೆಯ ಹೊಸಿಲೇ ಎತ್ತರವಾಗಿಬಿಡುತ್ತದೆ. ವರ್ಜೀನಿಯಾದ ‘ದಪ್ಪ ಚರ್ಮ’ಕ್ಕೂ ನಮ್ಮ ‘ರಕ್ತ ಕಮ್ಮೀನ ಇರ್ತೈತಿ’ಗೂ ಒಳಗಿನ ತರ್ಕ ಒಂದೇ.

ಭೇದ ಎಂದರೆ ಕೊಡದೆ ಇರುವುದು ಮಾತ್ರ ಎಂದು ತಿಳಿಯಬೇಡಿ. ಬೇಡದ್ದನ್ನು ಕೊಡುವುದೂ ಭೇದವೇ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶವನ್ನು ಖಾಸಗಿ ಆಸ್ಪತ್ರೆಗಳು ಅಗತ್ಯವಿಲ್ಲದೆ ತೆಗೆದ ಪ್ರಕರಣ 2015ರ ಹೊತ್ತಿಗೆ ರಾಜ್ಯದಾದ್ಯಂತ ಸುದ್ದಿಯಾಯಿತು. ಕರ್ನಾಟಕ ಜನಾರೋಗ್ಯ ಚಳವಳಿಯವರು ಅದನ್ನು ಎತ್ತಿ ಹಿಡಿದರು, ಸರ್ಕಾರ ತನಿಖೆ ನಡೆಸಿತು. ಮೂವತ್ತು–ಮೂವತ್ತೈದರ ಹೆಂಗಸರು ಹೊಟ್ಟೆನೋವು, ಬಿಳಿ ಸೆರಗು ಎಂದು ಹೋಗಿದ್ದರು. ‘ತೆಗೀದಿದ್ರ ಕ್ಯಾನ್ಸರ್ ಆಕ್ಕೈತಿ’ ಎಂಬ ಒಂದು ಮಾತಿಗೆ ಬೆದರಿ ಹೊಲ, ಒಡವೆ ಮಾರಿದರು. ಹಣದಾಸೆ ಇತ್ತು ನಿಜ. ಆದರೆ ಆ ಆಸೆ ತಾಂಡಾವನ್ನೇ ಆರಿಸಿಕೊಂಡದ್ದೇಕೆ? ಓದಿಲ್ಲದವಳು, ಎರಡನೆಯ ಅಭಿಪ್ರಾಯ ಕೇಳಲಾರಳು, ಮಕ್ಕಳಾಗಿವೆ, ಇನ್ನು ಅವಳಿಗೆ ಆ ಅಂಗದಿಂದ ಏನಾಗಬೇಕು ಎಂಬ ಎಣಿಕೆ ಮೊದಲೇ ಮನಸ್ಸಿನಲ್ಲಿ ಇದ್ದುದರಿಂದ. ಸಣ್ಣ ಮಟ್ಟದಲ್ಲಿ ಇದೇ ಎಣಿಕೆ ನಮ್ಮ ಪೇಟೆಗಳಲ್ಲಿ ದಿನಾ ನಡೆಯುತ್ತದೆ. ‘ಇವರಿಗೆ ಸೂಜಿ, ಸಲೈನು ಹಚ್ಚದಿದ್ರ ಸಮಾಧಾನ ಆಗಂಗಿಲ್ಲ’ ಎಂದುಕೊಂಡು ನೆಗಡಿ ಜ್ವರಕ್ಕೂ ಸಲೈನು ಹಚ್ಚುತ್ತಾರೆ. ಬಿಡಿಸಿ ಹೇಳಿದರೆ ಇವರಿಗೂ ತಿಳಿಯುತ್ತದೆ ಎಂಬ ನಂಬಿಕೆ ಅಲ್ಲಿ ಇರುವುದಿಲ್ಲ.

ಮಸ್ಕಿಯವರಿಗೆ ಇದನ್ನು ಬರೆಯುವಾಗ ನಿಮ್ಮೂರ ಗುಡ್ಡದ ಶಾಸನ ನೆನಪಾಗದೆ ಇರದು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅದನ್ನು ಗುರುತಿಸಿದ ಮೇಲೆಯೇ ‘ದೇವಾನಾಂಪ್ರಿಯ’ ಎಂದರೆ ಅಶೋಕ ಎಂಬುದು ಖಚಿತವಾದದ್ದು. ಅದು ಎಲ್ಲರಿಗೂ ಗೊತ್ತು. ಆ ಬಂಡೆಯ ಮೇಲೆ ಬರೆದದ್ದರ ತಾತ್ಪರ್ಯ ಅಷ್ಟಾಗಿ ಗೊತ್ತಿಲ್ಲ: ಈ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದೆಂದು ತಿಳಿಯಬಾರದು, ಚಿಕ್ಕವರಿಗೂ ದಕ್ಕುತ್ತದೆ, ಇದನ್ನು ಇಬ್ಬರಿಗೂ ಹೇಳಬೇಕು. ಅಲ್ಲಿ ಮಾತು ಧರ್ಮದ್ದು. ಆದರೆ ‘ಇಬ್ಬರಿಗೂ ಹೇಳಬೇಕು’ ಎಂಬುದನ್ನು ನಮ್ಮ ದವಾಖಾನೆಗಳು ಇವತ್ತಿಗೂ ಕಲಿಯಬೇಕಾಗಿದೆ.

ಈಗ ಡಾಕ್ಟರುಗಳ ಪರವಾಗಿ ಒಂದು ಮಾತು. ಎಲ್ಲವನ್ನೂ ಅವರ ಮನಸ್ಸಿನ ಮೇಲೆ ಹೊರಿಸಿದರೆ ನಿಜವಾದ ಹೊಣೆಗಾರರು ತಪ್ಪಿಸಿಕೊಳ್ಳುತ್ತಾರೆ. ಪ್ರಾದೇಶಿಕ ಅಸಮತೋಲನ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಪಟ್ಟಿ ಮಾಡಿತು. ಅವುಗಳಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. ಸಿಂಧನೂರೂ ಇತ್ತು, ಲಿಂಗಸುಗೂರೂ ಇತ್ತು. ಮಸ್ಕಿ ಆಗ ತಾಲ್ಲೂಕೇ ಆಗಿರಲಿಲ್ಲ. ಅದಕ್ಕೂ ಮುಂಚೆ, 2001ರಲ್ಲಿ ಡಾ. ಎಚ್‌. ಸುದರ್ಶನ್ ನೇತೃತ್ವದ ಆರೋಗ್ಯ ಕಾರ್ಯಪಡೆ ಸಮಾನತೆಯನ್ನು ತನ್ನ ವರದಿಯ ಶೀರ್ಷಿಕೆಯಲ್ಲೇ ಇಟ್ಟಿತ್ತು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಹೈದರಾಬಾದ್ ಕರ್ನಾಟಕ ಹೋಗಿ 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ಆದರೂ ಪರಿಸ್ಥಿತಿ ಕೈಮೀರಿದರೆ ಸಿಂಧನೂರು, ಲಿಂಗಸುಗೂರುಗಳಿಂದ ಸುಮಾರು 90 ಕಿ.ಮೀ. ದೂರದ ರಾಯಚೂರಿನ ರಿಮ್ಸ್‌ಗೋ, ಇಲ್ಲವೇ ಬಳ್ಳಾರಿಗೋ ಓಡಬೇಕು. ಏಮ್ಸ್ ಬೇಕೆಂದು ರಾಯಚೂರಿನ ಜನ 2022ರಿಂದ ಧರಣಿ ಕೂರಬೇಕಾಯಿತು. ‘ಬಡವರು ತಡವಾಗಿ ಬರ್ತಾರೆ’ ಎಂದು ಡಾಕ್ಟರು ಬೈಯುವಾಗ ಈ 90 ಕಿ.ಮೀ. ಮತ್ತು ಗುಳೆ ಹೋದ ಗಂಡ ಬೆಂಗಳೂರಿನಿಂದ ಬರುವವರೆಗೆ ಕಾಯುವ ದಿನಗಳು ಅವರ ಲೆಕ್ಕಕ್ಕೆ ಬರುವುದಿಲ್ಲ.

2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರಿಗೆ ಹಚ್ಚಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂತು, ಸರ್ಕಾರ ಅದರ ಬಳಕೆ ನಿಲ್ಲಿಸಿತು. ಇಲ್ಲಿ ಯಾವ ಡಾಕ್ಟರ ಮನಸ್ಸಿನೊಳಗೂ ಭೇದ ಹುಡುಕಬೇಕಾಗಿಲ್ಲ. ಆದರೆ ಆ ಬಾಟಲಿಗಳು ಯಾವ ವಾರ್ಡಿನಲ್ಲಿ ನೇತಾಡುತ್ತಿದ್ದವು, ಆ ವಾರ್ಡಿಗೆ ಯಾರ ಹೆಣ್ಣುಮಕ್ಕಳು ಬರುತ್ತಾರೆ ಎಂದು ಕೇಳಲೇಬೇಕು. ಖರೀದಿಯಲ್ಲಿ, ಪರೀಕ್ಷೆಯಲ್ಲಿ, ಖಾಲಿ ಹುದ್ದೆಯಲ್ಲಿ ಕೂತಿರುವ ಭೇದಕ್ಕೆ ಮುಖವಿಲ್ಲ. ಅದಕ್ಕೇ ಅದು ಹೆಚ್ಚು ದಿನ ಬದುಕುತ್ತದೆ.

ಉಪಕರಣಗಳೂ ಇದರಿಂದ ಹೊರತಲ್ಲ. ನಿಮ್ಮ ಪ್ರಶ್ನೆಯಲ್ಲಿ ‘ಬಣ್ಣದ ಮಾತಿಲ್ಲ’ ಎಂದಿದ್ದೀರಿ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ನೆನಪಿರಬೇಕು. 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಶಿಗನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಆ ಯಂತ್ರ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ 3.6, ಕಪ್ಪು ಬಣ್ಣದವರಲ್ಲಿ ಶೇ 11.7. ದಟ್ಟ ಬಣ್ಣದ ಚರ್ಮ ಬೆಳಕನ್ನು ಬೇರೆ ರೀತಿ ಹೀರಿಕೊಳ್ಳುತ್ತದೆ, ಯಂತ್ರಕ್ಕೆ ಅದನ್ನು ಸರಿಯಾಗಿ ಕಲಿಸಿರಲಿಲ್ಲ. ವರ್ಷವಿಡೀ ಬಿಸಿಲಲ್ಲಿ ದುಡಿಯುವ ನಮ್ಮ ಭಾಗದ ಜನರ ಬೆರಳಿಗೂ ಅದೇ ಬಗೆಯ ಯಂತ್ರವನ್ನೇ ಸಿಕ್ಕಿಸಿದ್ದು. ಬಣ್ಣದ ಮಾತು ಇಲ್ಲೂ ಇದೆ.

ವೈದ್ಯರ ಒಳಗೇ ಈ ಭೇದ ಎಷ್ಟು ಆಳ ಇಳಿದಿದೆ ಎನ್ನಲು 2019ರ ಮೇ ತಿಂಗಳು ಸಾಕು. ಮುಂಬೈನ ನಾಯರ್ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ಓದುತ್ತಿದ್ದ ಆದಿವಾಸಿ ವೈದ್ಯೆ ಪಾಯಲ್ ತಡ್ವಿ ಪ್ರಾಣ ಕಳೆದುಕೊಂಡರು. ಹಿರಿಯ ವಿದ್ಯಾರ್ಥಿನಿಯರು ಜಾತಿ ಹಿಡಿದು ಹಿಂಸಿಸಿದರೆಂಬ ಆರೋಪದ ಮೇಲೆ ಮೊಕದ್ದಮೆ ದಾಖಲಾಯಿತು. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳು ಎದುರಿಸುವ ಭೇದವನ್ನು ಸರ್ಕಾರ ನೇಮಿಸಿದ್ದ ಥೋರಟ್ ಸಮಿತಿ 2007ರಲ್ಲೇ ಬರೆದಿಟ್ಟಿತ್ತು. ಸಹಪಾಠಿಯನ್ನೇ ‘ಕೋಟಾದವಳು’ ಎಂದು ಕರೆಯುತ್ತ ಐದಾರು ವರ್ಷ ಕಳೆದವರು, ರೋಗಿಯ ಮುಂದೆ ಕೂತ ದಿನ ಆ ಕಣ್ಣನ್ನು ತೆಗೆದಿಟ್ಟು ಬರುತ್ತಾರೆಂದು ನಂಬುವುದು ಕಷ್ಟ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಜೊತೆ ಬಂದ ಪ್ರಮಾಣವಚನದಲ್ಲಿ ರೋಗಿಗೂ ಕರ್ತವ್ಯಕ್ಕೂ ನಡುವೆ ಬರಬಾರದೆಂದು ಪಟ್ಟಿ ಮಾಡಿದ್ದು ಧರ್ಮ, ರಾಷ್ಟ್ರೀಯತೆ, ಜನಾಂಗ, ಪಕ್ಷ ರಾಜಕೀಯ, ಸಾಮಾಜಿಕ ಸ್ಥಾನಮಾನ. ಜಿನೀವಾದ ಘೋಷಣೆಯಿಂದ ಇಳಿದು ಬಂದ ಪಟ್ಟಿ ಅದು. ಈ ನೆಲದ ಜಾತಿಯನ್ನು ಅದರಲ್ಲಿ ಸೇರಿಸಬೇಕೆಂದು ನಮ್ಮ ವೈದ್ಯರಿಗೆ ಹೊಳೆಯಲಿಲ್ಲ.

ಹಾಗಾದರೆ ದಾರಿ? ಪಕ್ಷಪಾತದ ಬಗ್ಗೆ ಒಂದು ದಿನದ ತರಬೇತಿ ಕೊಟ್ಟು ಪ್ರಮಾಣಪತ್ರ ಹಂಚುವುದರಲ್ಲಿ ನನಗೆ ನಂಬಿಕೆ ಇಲ್ಲ. 2019ರಲ್ಲಿ 492 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ಮನಸ್ಸಿನ ಒಳಗಿನ ಅಳತೆ ಸ್ವಲ್ಪ ಬದಲಾದರೂ ನಡತೆ ಬದಲಾದದ್ದು ಕಾಣಲಿಲ್ಲ. ಕೆಲಸ ಮಾಡಿದ್ದು ನಿಯಮ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಸಿಗುತ್ತಿತ್ತು. ಪ್ರತಿ ರೋಗಿಗೂ ಕಂಪ್ಯೂಟರಿನಲ್ಲಿ ಒಂದೇ ಪ್ರಶ್ನಾವಳಿ ತುಂಬುವುದನ್ನು ಕಡ್ಡಾಯ ಮಾಡಿದ ಮೇಲೆ ಆ ಅಂತರ ಹೋಯಿತು. ಡಾಕ್ಟರ ಮನಸ್ಸನ್ನು ಯಾರೂ ತಿದ್ದಲಿಲ್ಲ, ಮನಸ್ಸು ತೀರ್ಪು ಕೊಡುವ ಜಾಗವನ್ನು ಕಿರಿದು ಮಾಡಿದರು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದಕ್ಕೆ ಕಂಪ್ಯೂಟರೂ ಬೇಡ. ನಲವತ್ತು ದಾಟಿದ ಯಾರೇ ಎದೆನೋವು ಎಂದರೂ ಇಸಿಜಿ. ಯಾವ ಬಸುರಿಗೇ ಆಗಲಿ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಅವತ್ತೇ ದಾಖಲು. ಬಂದವರೆಲ್ಲರಿಗೂ ಸ್ಟೂಲ್, ಬಂದವರೆಲ್ಲರಿಗೂ ಬಹುವಚನ. ಈ ನಿಯಮಗಳನ್ನು ಗೋಡೆಗೆ ಅಂಟಿಸಿ, ತಿಂಗಳಿಗೊಮ್ಮೆ ಚೀಟಿಗಳನ್ನು ತೆಗೆದು ಯಾವ ಓಣಿ, ಯಾವ ತಾಂಡಾ, ಯಾವ ಕ್ಯಾಂಪಿನವರಿಗೆ ಏನು ಸಿಕ್ಕಿತೆಂದು ಎಣಿಸಿದರೆ ‘ನಾವು ಜಾತಿ ನೋಡಲ್ಲ’ ಎಂಬುದು ಎಷ್ಟು ನಿಜ ಎಂದು ಡಾಕ್ಟರಿಗೇ ತಿಳಿಯುತ್ತದೆ. ಹಾಗೆ ಎಣಿಸಲು ಒಪ್ಪುವ ಡಾಕ್ಟರನ್ನು ನಾನು ತಲೆಬಾಗಿ ಗೌರವಿಸುತ್ತೇನೆ.

ನಿಮ್ಮ ಕೈಯಲ್ಲಿ ಇರುವುದನ್ನೂ ಹೇಳುತ್ತೇನೆ. ಅವ್ವನನ್ನು ಕರಕೊಂಡು ಹೋದಾಗ ನೀವೇ ಮಾತಾಡಬೇಡಿ, ಅವರಿಗೇ ಹೇಳಲು ಬಿಡಿ, ಬಿಟ್ಟುಹೋದದ್ದನ್ನು ನೀವು ಸೇರಿಸಿ. ಎಂದಿನಿಂದ, ದಿನಕ್ಕೆ ಎಷ್ಟು ಸಲ, ಏನು ಮಾಡಿದರೆ ಹೆಚ್ಚು ಎಂಬುದನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡಿರಿ. ‘ಸುಸ್ತು’ ಎಂಬ ಒಂದೇ ಮಾತಿಗಿಂತ ‘ಕೊಡ ಎತ್ತಿ ಹತ್ತು ಹೆಜ್ಜೆ ನಡೆದರೆ ಏದುಸಿರು’ ಎಂಬುದನ್ನು ತಳ್ಳಿಹಾಕುವುದು ಕಷ್ಟ. ಸ್ಟೂಲ್ ಖಾಲಿ ಇದ್ದರೆ ಅವ್ವನನ್ನು ಅದರ ಮೇಲೆ ಕೂರಿಸಿ, ಯಾರೂ ಏಳಿಸುವುದಿಲ್ಲ. ಏಳುವ ಮುಂಚೆ ಮೂರು ಕೇಳಿ: ಏನಾಗೇತಿ, ಇದು ಯಾತರ ಗುಳಿಗಿ, ಯಾವಾಗ ಮತ್ತ ಬರಬೇಕು. ಬೇರೆ ಊರಿಗೆ ಕಳಿಸಿದರೆ ಕಾರಣ ಮತ್ತು ಹೊತ್ತು ಬರೆದ ರೆಫರಲ್ ಚೀಟಿ ಇಲ್ಲದೆ ಹೊರಡಬೇಡಿ, 108 ಅಲ್ಲಿಂದಲೇ ಕರೆಸಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲಿ 17 ಹಕ್ಕುಗಳಿವೆ, ಭೇದವಿಲ್ಲದ ಚಿಕಿತ್ಸೆ ಅದರಲ್ಲೊಂದು. ದೂರಿದ್ದರೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಬರೆದು ಕೊಡಿ, 104ಕ್ಕೂ ಹೇಳಿ.

ಒಂದು ಸಂಗತಿ ನಿಮ್ಮ ಓಣಿಯಲ್ಲಿ ಎಲ್ಲರಿಗೂ ತಿಳಿಸಬೇಕು. ಬಾಣಂತಿ ಸಾವಾದರೆ ಅದನ್ನು ಪರಿಶೀಲಿಸುವ ಸರ್ಕಾರಿ ವಿಧಾನದಲ್ಲಿ ಜಿಲ್ಲಾಧಿಕಾರಿಗಳ ಮುಂದಿನ ಸಭೆಗೆ ಸತ್ತವಳ ಮನೆಯವರನ್ನೂ ಕರೆದು ಕೇಳಬೇಕೆಂದಿದೆ. ಕರೆ ಬರದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಕೊಟ್ಟು ಕರೆಸಿಕೊಳ್ಳಿ. ಹೋದಾಗ ಎಷ್ಟು ಹೊತ್ತಿಗೆ ದವಾಖಾನೆ ಮುಟ್ಟಿದಿರಿ, ಎಷ್ಟು ಹೊತ್ತಿಗೆ ಡಾಕ್ಟರು ಬಂದರು, ಯಾರು ಏನಂದರು ಎಂಬುದನ್ನು ನಡೆದ ಹಾಗೆ ಹೇಳಿ, ಹೇಳಿದ್ದನ್ನು ಬರೆಸಿ, ಬರೆದದ್ದನ್ನು ಓದಿಸಿಕೊಂಡ ಮೇಲೆಯೇ ಸಹಿ ಹಾಕಿ.